ಕಪ್ಪು ಪರದೆಯವಳು, ಬಣ್ಣದ ಗುಂಡಿಯವಳು

ಫೆಬ್ರವರಿ ೬

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲರೂ ಕ್ಷೇಮ. ಸರ್ವರ್‌ಗಳ ಕ್ಷೇಮವನ್ನು ಮಾತ್ರ ಕೇಳಬೇಡಿ, ಹೇಳುವುದಕ್ಕೆ ನನಗೆ ಬಾಯಿಲ್ಲ.

ನೀವು ಬೆಟ್ಟ ಹತ್ತಿದ ಮೇಲೆ ಹಿಂದಿನ ಕೋಣೆಗೆ ನಾನೊಬ್ಬಳೇ ದಿಕ್ಕು. ಆ ಎರಡು ಪೆಟ್ಟಿಗೆಗಳು ಹಗಲೆಲ್ಲ ಗುಂಯ್‌ಗುಡುತ್ತ ಕೂತಿರುತ್ತವೆ. ನಮ್ಮ ಬೀದಿಯ ಅರ್ಧ ಅಂಗಡಿಗಳ ವೆಬ್‌ಸೈಟುಗಳು ಅವುಗಳ ಹೊಟ್ಟೆಯಲ್ಲಿವೆ ಅಂತ ನೆನೆಸಿಕೊಂಡರೆ ರಾತ್ರಿಯೂ ಎದ್ದು ಹೋಗಿ ಅವುಗಳ ದೀಪ ಉರಿಯುತ್ತಿದೆಯೇ ಅಂತ ನೋಡಿ ಬರುತ್ತೇನೆ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅಂತ ಜನ ಹೇಳುತ್ತಿದ್ದಾಗ ನಾವಿಬ್ಬರು ವಾರಗಿತ್ತಿಯರು ಸೇರಿ ಕಂಪನಿ ತೆಗೆದೆವು. ನಾನು ಗಿರಾಕಿಗಳನ್ನು ಮಾತಾಡಿಸುತ್ತಿದ್ದೆ, ನೀವು ಪೆಟ್ಟಿಗೆಗಳನ್ನು ಮಾತಾಡಿಸುತ್ತಿದ್ದಿರಿ. ಈಗ ಎರಡೂ ನನ್ನ ತಲೆಗೆ ಬಂದಿದೆ. ಗಿರಾಕಿಗಳು ನನ್ನ ಮಾತು ಕೇಳುತ್ತಾರೆ, ಪೆಟ್ಟಿಗೆಗಳು ಕೇಳುವುದಿಲ್ಲ.

ನಿಮ್ಮ ಕಪ್ಪು ಪರದೆಯಲ್ಲಿ ಒಂದು ಚುಕ್ಕೆ ತಪ್ಪಿದರೂ ಅದು ಒಪ್ಪುವುದಿಲ್ಲ, ಎಲ್ಲಿ ತಪ್ಪಿತು ಅಂತಲೂ ಬಾಯಿ ಬಿಡುವುದಿಲ್ಲ. ಗೋಡೆಗೆ ನೀವು ಅಂಟಿಸಿ ಹೋದ ಚೀಟಿಗಳನ್ನು ನೋಡಿ ನೋಡಿ ಟೈಪ್ ಮಾಡುತ್ತೇನೆ. ಮೊನ್ನೆ ಫ್ಯಾನ್ ಗಾಳಿಗೆ ಎರಡು ಚೀಟಿ ಹಾರಿಹೋದವು. ಪಶುವೈದ್ಯರ ಸೈಟಿನ ಸುರಕ್ಷಾಪತ್ರದ ಅವಧಿ ಮುಗಿದಿತ್ತು, ಅದನ್ನು ನವೀಕರಿಸುವ ಚೀಟಿಯೇ ಹೋಗಿತ್ತು ನೋಡಿ. ವೈದ್ಯರು ಫೋನ್ ಮಾಡಿದರು. "ಏನಮ್ಮಾ, ನನ್ನ ಸೈಟ್ ತೆಗೆದ್ರೆ ‘ಇಲ್ಲಿಗೆ ಬರೋದು ಅಪಾಯ’ ಅಂತ ಬರ್ತಿದೆ. ನಾನು ಸೂಜಿ ಚುಚ್ಚೋದು ನಾಯಿಗೆ, ಜನಕ್ಕಲ್ಲ." ಚೀಟಿ ಬೀರುವಿನ ಹಿಂದೆ ಸಿಕ್ಕಿತು, ಪೊರಕೆ ಕಡ್ಡಿಯಲ್ಲಿ ಎಳೆದು ತೆಗೆದೆ.

ಅದಕ್ಕೇ ಕೇಳುತ್ತಿದ್ದೇನೆ. ಒಂದು ಕಂಟ್ರೋಲ್ ಪ್ಯಾನೆಲ್ ಹಾಕಿಕೊಳ್ಳಲೇ? ನೀವು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತಿದೆ. ಆದರೂ ಕೇಳಿ. ಹೊಸ ಮೇಲ್ ಬೇಕೇ, ಒಂದು ಗುಂಡಿ. ಸುರಕ್ಷಾಪತ್ರ ಬೇಕೇ, ಇನ್ನೊಂದು ಗುಂಡಿ. ಬ್ಯಾಕಪ್ಪಿಗೆ ಮತ್ತೊಂದು. ನಿಮ್ಮ ಚೀಟಿಗಳೆಲ್ಲ ಗುಂಡಿಗಳಾದ ಹಾಗೆ, ಗಾಳಿಗೂ ಹಾರುವುದಿಲ್ಲ.

ಅತ್ತೆ ನಿನ್ನೆ ಒಂದು ಮಾತು ಅಂದರು. "ಚಿಕ್ಕವಳ ಕೈಲಿ ಆಗ್ದಿದ್ರೆ ಆ ಪೆಟ್ಟಿಗೆಗಳನ್ನ ದೊಡ್ಡ ಕಂಪನಿಗೆ ಕೊಟ್ಬಿಡಿ. ಇಲ್ಲಾ ದೊಡ್ಡವಳು ಇಳಿದು ಬರ್ಲಿ." ನೀವೂ ಹೋಗುವಾಗ ಹೇಳಿದ್ದಿರಿ, ಒಂದು ಮಾತು ಹೇಳಿಕಳಿಸು, ಮುಂದಿನ ಜೀಪಿಗೆ ಇಳಿದು ಬರುತ್ತೇನೆ ಅಂತ. ಆ ಮಾತು ನನ್ನಿಂದ ಬರಬಾರದು ಅಕ್ಕ. ದೊಡ್ಡ ದುರ್ಬೀನಿನ ಹತ್ತಿರ ಕೆಲಸ ಮಾಡಬೇಕು ಅಂತ ನೀವು ಎಷ್ಟು ಆಸೆಪಟ್ಟಿದ್ದಿರಿ ಅಂತ ನನಗೆ ಗೊತ್ತು. ನಿಮ್ಮ ಒಂದು ವರ್ಷ ಪೂರ್ತಿ ನಿಮ್ಮದೇ ಆಗಿರಲಿ.

ಫೋನ್ ಇದ್ದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ನಿಮ್ಮ ಬೆಟ್ಟದ ಮೇಲೆ ಫೋನ್ ಆನ್ ಮಾಡಿದರೆ ಆಕಾಶದ ಸದ್ದು ಕೆಡುತ್ತದಂತಲ್ಲ, ಕಾಗದವೇ ಗತಿ. ಬೇಗ ಬರೆಯಿರಿ.

ನಿಮ್ಮ ಗಡಿಬಿಡಿ ಚಿಕ್ಕವಳು

*

ಫೆಬ್ರವರಿ ೨೧

ಗಡಿಬಿಡಿ ರಾಣಿಗೆ,

ನಿನ್ನ ಪತ್ರ ಬೇಳೆ ಮೂಟೆಯ ಜೊತೆ ಬಂತು. ಇಲ್ಲಿ ಅಂಚೆ ತರುವುದು ರೇಷನ್ ಜೀಪು.

ಪ್ಯಾನೆಲ್ ಬೇಡ. ಗುಂಡಿ ಒತ್ತಿದವಳಿಗೆ ಒಳಗೆ ಏನು ನಡೆಯಿತು ಅಂತ ಗೊತ್ತಾಗುವುದಿಲ್ಲ. ಕೆಟ್ಟಾಗ ಗುಂಡಿಯೂ ಕೆಟ್ಟಿರುತ್ತದೆ, ಆಮೇಲೆ ಎಲ್ಲಿಗೆ ಕೈ ಹಾಕುತ್ತೀಯ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೀಟಿಗಳನ್ನು ಮೊಳೆ ಹೊಡೆದು ಸಿಕ್ಕಿಸು, ಅಷ್ಟೇ.

ಇಲ್ಲಿಯ ಸುದ್ದಿ ಏನೂ ವಿಶೇಷವಿಲ್ಲ. ನಮ್ಮದು ಕಣ್ಣಿಟ್ಟು ನೋಡುವ ದುರ್ಬೀನಲ್ಲ, ಕೇಳುವುದು. ಮನೆಗಿಂತ ದೊಡ್ಡ ತಟ್ಟೆಯೊಂದು ಬಯಲಿನಲ್ಲಿ ಬಾಯಿ ತೆರೆದು ನಿಂತಿದೆ. ಅದು ತಿರುಗುವಾಗ ಸದ್ದೇ ಆಗುವುದಿಲ್ಲ. ನೋಡುತ್ತ ನಿಂತರೆ ಅದು ನಿಂತಿದೆ, ನಾವೇ ತಿರುಗುತ್ತಿದ್ದೇವೆ ಅನ್ನಿಸುತ್ತದೆ. ಅದು ಕೇಳಿದ್ದನ್ನೆಲ್ಲ ಬರೆದಿಡುವ ಕಂಪ್ಯೂಟರುಗಳು ನನ್ನ ಪಾಲಿಗೆ. ಬೆಳಿಗ್ಗೆ ನಾನು ಅವುಗಳ ಕೋಣೆಯ ಬಾಗಿಲು ತೆಗೆದಾಗ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಅದೂ ಒಂದು ಸುಖ.

ಹೋದ ವಾರ ಮೂಡಣ ದಿಕ್ಕಿನಿಂದ ಒಂದು ಅಪರೂಪದ ಸದ್ದು ಸಿಕ್ಕಿತು. ಸಮವಾಗಿ, ಗಡಿಯಾರದ ಹಾಗೆ. ಖಗೋಳದವರೆಲ್ಲ ಊಟ ಬಿಟ್ಟು ಓಡಿ ಬಂದರು. ಹೊಸ ನಕ್ಷತ್ರಕ್ಕೆ ಏನು ಹೆಸರಿಡುವುದು ಅನ್ನುವವರೆಗೆ ಮಾತು ಹೋಯಿತು. ಕೊನೆಗೆ ನೋಡಿದರೆ ಅದು ಗಡಿಯಾರವೇ. ಅಡುಗೆಯವರು ಹೊಸದಾಗಿ ಕೊಂಡು ಅಡುಗೆಮನೆಯಲ್ಲಿ ನೇತುಹಾಕಿದ ಬ್ಯಾಟರಿ ಗಡಿಯಾರ. "ನಂದೇ ನಕ್ಷತ್ರ ಅಂತ ಬರ್ಕೊಳಿ, ನನ್ ಹೆಸರಿಡಿ" ಅಂತ ಅವರು ಮುಖ್ಯಸ್ಥರ ಎದುರಿಗೇ ಅಂದರು. ಮುಖ್ಯಸ್ಥರು ನಕ್ಕು ನಕ್ಕು ಕನ್ನಡಕ ಬೀಳಿಸಿಕೊಂಡರು.

ಹಾಗೆ ಏನೂ ವಿಶೇಷವಿಲ್ಲ.

ಪ್ಯಾನೆಲ್ ಬಗ್ಗೆ ನಿನಗೆ ಅಷ್ಟು ಚಪಲವಿದ್ದರೆ ಅಟ್ಟದ ಮೇಲಿನ ಹಳೇ ಯಂತ್ರಕ್ಕೆ ಹಾಕಿ ನೋಡು. ಗಿರಾಕಿಗಳ ಪೆಟ್ಟಿಗೆ ಮುಟ್ಟಬೇಡ. ನೋಡು ಅಂದೆ, ಒಪ್ಪಿದೆ ಅನ್ನಲಿಲ್ಲ.

ದೊಡ್ಡವಳು

*

ಮಾರ್ಚ್ ೧೨

ಪ್ರೀತಿಯ ಅಕ್ಕ,

ನೋಡು ಅಂದಿರಲ್ಲ, ನೋಡಿದೆ. ಬಾಡಿಗೆ ಮನೆ ನೋಡಿದ ಹಾಗೆ ಒಂದೊಂದರ ಒಳಗೂ ಹೋಗಿ, ನಲ್ಲಿ ತಿರುಗಿಸಿ, ಕಿಟಕಿ ತೆಗೆದು ನೋಡಿದೆ.

ಮೊದಲನೆಯದು ಬಂಗಲೆ. ಊರೆಲ್ಲ ಅದನ್ನೇ ಬಳಸುವುದು. ಎಷ್ಟು ಕೋಣೆ, ಎಷ್ಟು ಗುಂಡಿ ಅಂದರೆ ಮೇಲ್ ತೆರೆಯುವ ಜಾಗ ಹುಡುಕುವಷ್ಟರಲ್ಲಿ ನನ್ನ ಟೀ ಆರಿತು. ನಮಗೆ ಬೇಕಾದ್ದು ಆರೇಳು, ಉಳಿದದ್ದಕ್ಕೂ ನಾವೇ ದೀಪ ಹಚ್ಚಿಡಬೇಕು. ಗಿರಾಕಿ ಹೆಚ್ಚಿದ ಹಾಗೆ ಬಾಡಿಗೆಯೂ ಹೆಚ್ಚುತ್ತದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಹೊರಗೆ ಬಂದೆ.

ಎರಡನೆಯದನ್ನು ನೋಡಿದ ಕೂಡಲೇ ಮನಸ್ಸು ಕೊಟ್ಟೆ. ತಿಳಿನೀಲಿ, ದುಂಡನೆ ಗುಂಡಿಗಳು, ಕೆಲಸ ಮುಗಿದರೆ ಒಂದು ಹಕ್ಕಿ ಹಾರಿ ಹೋಗುತ್ತದೆ. ಹಕ್ಕಿಗೋಸ್ಕರವೇ ಎರಡು ಮೇಲ್ ಹೆಚ್ಚಿಗೆ ತೆರೆದೆ. ಆಮೇಲೆ ಈಜು ಕಲಿಸುವವರ ಸೈಟನ್ನು ಅದರ ಮೇಲೆ ನಕಲು ಮಾಡಿದೆ. ಅವರಿಗೆ ನೀವು ಕೈಯಾರೆ ಬರೆದುಕೊಟ್ಟ ಒಂದು ಸಾಲು ಇದೆಯಲ್ಲ, ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವುದು, ಅದನ್ನು ಈ ಪುಣ್ಯಾತ್ಗಿತ್ತಿ ಅಳಿಸಿಹಾಕಿದಳು. ಮತ್ತೆ ಬರೆದೆ. ಮತ್ತೆ ಅಳಿಸಿದಳು. ನಾವು ಇಟ್ಟ ಸಾಮಾನನ್ನು ಮನೆಯೊಡತಿ ಬಂದು ಬಂದು ಬೀದಿಗೆ ಹಾಕಿದ ಹಾಗೆ. ಮೇಲೆ ಥಳಕು, ಒಳಗೆ ಹುಳುಕು. ಹಕ್ಕಿಗೆ ಬೈ ಹೇಳಿದೆ.

ಮೂರನೆಯದನ್ನು ನೋಡಿದರೆ ನೀವು ನಗುತ್ತೀರಿ. ಗಾಢ ಹಸಿರು, ಆಸ್ಪತ್ರೆಯ ಗೋಡೆಯ ಹಸಿರು. ಅಕ್ಷರಗಳು ಒಂದಕ್ಕೊಂದು ಜಗಳ ಆಡಿದಂತೆ ದೂರ ದೂರ. ಯಾರೋ ಕೆಲವರು ಬಿಡುವಿನಲ್ಲಿ ಸೇರಿ ಮಾಡಿ, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟಿದ್ದಾರೆ. ಆದರೆ ನಿಮ್ಮ ಸಾಲನ್ನು ಅದು ಮುಟ್ಟಲಿಲ್ಲ. ಕೈಯಲ್ಲಿ ಬರೆದದ್ದು ಬರೆದ ಹಾಗೇ ಇದೆ, ಗುಂಡಿ ಒತ್ತಿದ್ದು ಪಕ್ಕದಲ್ಲಿ ತನ್ನ ಪಾಡಿಗೆ ಸೇರಿಕೊಂಡಿದೆ. ನಿಮ್ಮಂಥವರೂ ನನ್ನಂಥವರೂ ಒಂದೇ ಮನೆಯಲ್ಲಿ ಇರಬಹುದು ಅಂತ ಯೋಚಿಸಿ ಮಾಡಿದ್ದಾರೆ ಅನ್ನಿಸಿತು.

ನಮ್ಮನೆಯವರು ಅಣ್ಣತಮ್ಮಂದಿರ ಪುಸ್ತಕ ಬೈಂಡಿಂಗ್ ಅಂಗಡಿಯಿಂದ ಊಟಕ್ಕೆ ಬಂದವರು ನೋಡಿ, "ಇಷ್ಟು ಕೆಟ್ಟ ಬಣ್ಣ ಎಲ್ಲಿ ಹುಡುಕಿದ್ರಂತೆ?" ಅಂದರು. ನಿಮ್ಮವರು ಸಂಜೆ ಬಂದು ತಾವೇ ಒಂದೆರಡು ಗುಂಡಿ ಒತ್ತಿ ನೋಡಿದರು. ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು, "ಆಗತ್ತೇನೇ?" ಆಗಬಹುದು ಅಂದೆ. "ಬಹುದು ಗಿಹುದು ಬೇಡ. ಮೇ ತಿಂಗಳವರೆಗೆ ನೋಡ್ತೀನಿ. ಆಮೇಲೆ ದೊಡ್ಡವಳಿಗೆ ಹೇಳಿಕಳಿಸೋದೇ."

ನೀವು ಏನನ್ನುತ್ತೀರಿ? ಬೇಡ ಅನ್ನುವುದಾದರೂ ಯಾಕೆ ಬೇಡ ಅಂತ ಹೇಳಿ.

ಚಿಕ್ಕವಳು

*

ಮಾರ್ಚ್ ೩೦

ಗಡಿಬಿಡಿಗೆ,

ಹಕ್ಕಿ ನೋಡಿ ಮನೆ ಹಿಡಿಯಲಿಲ್ಲವಲ್ಲ, ನಿನಗೆ ಬುದ್ಧಿ ಬಂದಿದೆ.

ಈಗ ನಾನು ಕೇಳುವುದಕ್ಕೆ ಉತ್ತರ ಹುಡುಕು. ಆ ಹಸಿರಿನದನ್ನು ಮಾಡಿದವರು ಈಗಲೂ ಅದನ್ನು ನೋಡಿಕೊಳ್ಳುತ್ತಿದ್ದಾರೋ ಅಥವಾ ಹೆತ್ತು ಬೀದಿಗೆ ಬಿಟ್ಟಿದ್ದಾರೋ? ಇತ್ತೀಚೆಗೆ ಏನಾದರೂ ತೂತು ಮುಚ್ಚಿದ್ದಾರೆಯೇ? ಒಬ್ಬ ಗಿರಾಕಿಯ ಸೈಟಿಗೆ ಕಳ್ಳ ನುಗ್ಗಿದರೆ ಪಕ್ಕದವರ ಮನೆಗೂ ಹೋಗಬಹುದೋ, ನಡುವೆ ಗೋಡೆ ಇದೆಯೋ? ಬ್ಯಾಕಪ್ ತೆಗೆದೆ ಅನ್ನಬೇಡ, ಎಲ್ಲರೂ ತೆಗೆಯುತ್ತಾರೆ. ತೆಗೆದದ್ದನ್ನು ವಾಪಸ್ ಹಾಕಿ ನೋಡಿದೆಯಾ?

ಮುಖ್ಯವಾದದ್ದು ಇನ್ನೊಂದಿದೆ. ನಾಳೆ ನಿನಗೆ ಆ ಪ್ಯಾನೆಲ್ ಬೇಡವಾಯಿತು ಅನ್ನು. ಕಿತ್ತು ಹಾಕಿದರೆ ಸೈಟುಗಳು ನಿಲ್ಲುತ್ತವೋ, ಅವುಗಳೂ ಅದರ ಜೊತೆ ಬಿದ್ದುಹೋಗುತ್ತವೋ? ಯಾವುದನ್ನೇ ಆಗಲಿ ಮನೆಗೆ ತರುವ ಮೊದಲು ಅದು ನಮ್ಮನ್ನು ಬಿಡುತ್ತದೆಯೇ ಅಂತ ನೋಡಬೇಕು. ಹಿಡಿದುಕೊಳ್ಳುವುದು ಎಲ್ಲಕ್ಕೂ ಬರುತ್ತದೆ.

ಇಲ್ಲಿ ಚಳಿ ಇಳಿದಿದೆ. ಅಡುಗೆಯವರು ಗೋಡೆಯ ಮೇಲೆ ನೆರಳು ನೋಡಿ ಗಂಟೆ ಹೇಳುತ್ತಾರೆ, ಗಡಿಯಾರ ಪೆಟ್ಟಿಗೆ ಸೇರಿತು. ಮುಖ್ಯಸ್ಥರು ನನ್ನನ್ನು ಕರೆದು ಏನೋ ಕೇಳಿದರು, ಆಗುವುದಿಲ್ಲ ಅಂದೆ. ಅದು ಬಿಡು.

ನಿಮ್ಮ ಭಾವ ಗುಂಡಿ ಒತ್ತಿ ನೋಡಿದರು ಅಂತ ಬರೆದಿದ್ದೀಯ. ಅವರು ಸುಮ್ಮನೆ ಏನನ್ನೂ ಮುಟ್ಟುವವರಲ್ಲ. ನನ್ನ ನೆನಪಾಗಿರಬೇಕು.

ದೊಡ್ಡವಳು

*

ಏಪ್ರಿಲ್ ೧೯

ಪ್ರೀತಿಯ ಅಕ್ಕ,

ಎಲ್ಲಕ್ಕೂ ಉತ್ತರ ಸಿಕ್ಕಿತು. ನೋಡಿಕೊಳ್ಳುತ್ತಿದ್ದಾರೆ, ಹೋದ ತಿಂಗಳೂ ಒಂದು ತೂತು ಮುಚ್ಚಿದ್ದಾರೆ. ಗೋಡೆ ಇದೆ. ಬ್ಯಾಕಪ್ಪನ್ನು ವಾಪಸ್ ಹಾಕಿ ನೋಡುವುದಕ್ಕೆ ನಾನೇ ಬೇಕೆಂದು ಸೈಟೊಂದನ್ನು ಹಾಳು ಮಾಡಿದೆ. ಹಾಳು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನಮ್ಮನೆಯವರು ಸರ್ಟಿಫಿಕೇಟ್ ಕೊಟ್ಟರು. ಐದು ನಿಮಿಷದಲ್ಲಿ ಎದ್ದು ಕೂತಿತು. ಆಮೇಲೆ ಪ್ಯಾನೆಲನ್ನೇ ಕಿತ್ತು ಹಾಕಿದೆ. ಸೈಟುಗಳು ಅಲ್ಲಾಡಲಿಲ್ಲ. ನಮ್ಮನ್ನು ಬಿಡುತ್ತದೆ ಅಕ್ಕ. ಹಾಗಾಗಿ ಅದನ್ನೇ ಇಟ್ಟುಕೊಂಡೆ.

ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಅದಕ್ಕೆ ಸಾಗಿಸಿದೆ. ಮೊದಲು ಕ್ಷೌರದವರನ್ನು. ಕತ್ತರಿ ಹಿಡಿಯುವವರಿಗೆ ತಾಳ್ಮೆ ಜಾಸ್ತಿ. ಈಗ ಎಲ್ಲರೂ ಒಳಗೆ ಬಂದಿದ್ದಾರೆ. ಗೋಡೆಯ ಮೇಲೆ ಚೀಟಿಗಳು ಹಾಗೇ ಇವೆ, ತೆಗೆಯುವುದಕ್ಕೆ ಮನಸ್ಸಾಗಲಿಲ್ಲ.

ಈಗ ನಗುವ ಸಂಗತಿ. ಪ್ಯಾನೆಲ್ ಕನ್ನಡದಲ್ಲೂ ಬರುತ್ತದೆ. ಯಾರೋ ಅರ್ಜೆಂಟಿನಲ್ಲಿ ಅನುವಾದ ಮಾಡಿದ್ದಾರೆ. ಕೆಲಸವೊಂದು ಸಿಕ್ಕಿಹಾಕಿಕೊಂಡಿತ್ತು, ನಿಲ್ಲಿಸೋಣ ಅಂತ ಒತ್ತಿದರೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂತು: "ಮಗುವನ್ನು ಕೊಲ್ಲಬೇಕೆ? ಹೌದು. ರದ್ದು." ಅತ್ತೆ ಹಿಂದೆ ನಿಂತಿದ್ದರು. ನನ್ನ ಕೈ ಹಿಡಿದೇಬಿಟ್ಟರು.

"ಯಾರ್ದೇ ಮಗು ಅದು? ರದ್ದು ಒತ್ತು ಮೊದ್ಲು."

ದೊಡ್ಡ ಕೆಲಸದಿಂದ ಹುಟ್ಟಿದ ಚಿಕ್ಕ ಕೆಲಸಕ್ಕೆ ಕಂಪ್ಯೂಟರಿನವರು ಮಗು ಅನ್ನುತ್ತಾರೆ ಅಂತ ವಿವರಿಸಿದೆ. "ಅನ್ನೋದಾದ್ರೆ ಸಾಕಬೇಕು, ಕೊಲ್ಲೋದಲ್ಲ" ಅಂದರು. ಅಲ್ಲಿಂದ ಶುರುವಾಯಿತು ನೋಡಿ. ಈ ಪ್ಯಾನೆಲ್‌ನಲ್ಲಿ ಪದಗಳನ್ನು ನಾವೇ ಬದಲಾಯಿಸಿಕೊಳ್ಳಬಹುದು ಅಂತ ಬಾಯಿ ತಪ್ಪಿ ಹೇಳಿದೆ. ಈಗ ಅತ್ತೆ ಮಧ್ಯಾಹ್ನ ಮಲಗುವುದು ಬಿಟ್ಟು, ಕನ್ನಡಕ ಏರಿಸಿ, ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೆಲಸ ಮುಗಿಸಿ ಹೊರಬರುವ ಜಾಗದಲ್ಲಿ "ಹೊರ ನಡೆ" ಅಂತ ಇತ್ತು. "ಮನೆಗೆ ಬಂದೋರಿಗೆ ಹೊರಗೆ ನಡಿ ಅಂತಾರೇನೇ? ‘ಹೋಗಿ ಬನ್ನಿ’ ಅಂತ ಹಾಕು." ಹಾಕಿದೆ. ಪಶುವೈದ್ಯರು ತಮ್ಮ ಮೇಲ್ ನೋಡಿ ಹೊರಬರುವಾಗ ಅದನ್ನು ಕಂಡು ಫೋನ್ ಮಾಡಿ, ಬಹಳ ಸಂತೋಷ ಆಯ್ತು ಅಂದರು.

ಒಂದು ಕಡೆ ಮಾತ್ರ ಜಗ್ಗಾಟ ಆಯಿತು. "ಕಸದ ಬುಟ್ಟಿ ಖಾಲಿ" ಅಂತ ಇತ್ತು. ಈ ಮನೆಯಲ್ಲಿ ಖಾಲಿ ಅನ್ನುವ ಮಾತು ಹೊಸ್ತಿಲು ದಾಟಬಾರದಲ್ಲ. ಡಬ್ಬಿಯಲ್ಲಿ ಉಪ್ಪು ಮುಗಿದರೆ ಉಪ್ಪು ತುಂಬಿದೆ ಅನ್ನಬೇಕು. ನಾನು ಹೊಸದಾಗಿ ಬಂದಾಗ ಅತ್ತೆ "ಸಕ್ಕರೆ ತುಂಬಿದೆ" ಅಂದದ್ದನ್ನು ನಂಬಿ, ತರಿಸದೆ ಕೂತು, ನೆಂಟರಿಗೆಲ್ಲ ಸಪ್ಪೆ ಕಾಫಿ ಕೊಟ್ಟದ್ದನ್ನು ನೀವು ಇನ್ನೂ ಆಡಿಕೊಂಡು ನಗುತ್ತೀರಿ. ಕಸದ ಬುಟ್ಟಿಗೂ ಅದೇ ಮರ್ಯಾದೆ ಅಂತ ಹಟ ಹಿಡಿದರು. ಕಸ ತಾನೇ, ಹೋಗಲಿ ಅಂತ "ಬುಟ್ಟಿ ತುಂಬಿದೆ" ಅಂತಲೇ ಹಾಕಿದೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇಬ್ಬರಿಗೂ ಒಂದೇ ಕಾಲ ಬಂದರೆ ಇಷ್ಟು ಮಜಾ ಇರುತ್ತದೆ ಅಂತ ಗೊತ್ತಿರಲಿಲ್ಲ.

ಮುಖ್ಯಸ್ಥರು ಏನು ಕೇಳಿದರು? ಬಿಡು ಅಂದರೆ ಬಿಡುವವಳಲ್ಲ ನಾನು.

ಚಿಕ್ಕವಳು

*

ಮೇ ೭

(ಬೆಟ್ಟದ ಬುಡದ ಕಚೇರಿಯ ಗುಮಾಸ್ತರು ಫೋನಿನಲ್ಲಿ ಕೇಳಿ ಬರೆದುಕೊಂಡು ಜೀಪಿನಲ್ಲಿ ಕಳಿಸಿದ್ದು)

ದೊಡ್ಡ ಸೊಸೆಗೆ,

ಡಿಸ್ಕ್ ತುಂಬಿದೆ. ಕೆಂಪಗೆ ಬರ್ತಾ ಇದೆ. ಚಿಕ್ಕವಳು ಈಜಲಿಕ್ಕೆ ಹೋಗಿದ್ದಾಳೆ, ಫೋನ್ ಮನೆಯಲ್ಲೇ ಬಿಟ್ಟಿದ್ದಾಳೆ. ನೀನು ಗಾಬರಿ ಆಗಬೇಡ.

ನಿನ್ನ ಅತ್ತೆ

*

ಮೇ ೧೧

ಗಡಿಬಿಡಿಗೆ,

ಮೊನ್ನೆ ಫೋನಿನಲ್ಲಿ ನೀನು ನಗುವುದು ನಿಲ್ಲಿಸಲಿಲ್ಲ, ಗುಮಾಸ್ತರು ಬೇರೆ ಎದುರಿಗೆ ಕೂತಿದ್ದರು. ನನಗೆ ಏನೂ ಹೇಳುವುದಕ್ಕೆ ಆಗಲಿಲ್ಲ. ಈಗ ಸಮಾಧಾನವಾಗಿ ಬರೆಯುತ್ತೇನೆ, ನಡುವೆ ಬಾಯಿ ಹಾಕುವುದಕ್ಕೆ ನಿನಗೆ ಬರುವುದಿಲ್ಲ.

ಜೀಪಿನವರು ಚೀಟಿ ಕೈಗೆ ಕೊಟ್ಟಾಗ ನಾನು ತಟ್ಟೆಯ ಬುಡದಲ್ಲಿ ನಿಂತಿದ್ದೆ. ಓದಿದೆ. ನಿನ್ನ ಹಿಂದಿನ ಪತ್ರ ಓದಿದ್ದವಳು ತಾನೇ ನಾನು. ಪ್ಯಾನೆಲ್‌ಗೆ ಪದ ಹಾಕಿದವರು ಅತ್ತೆ. ಅತ್ತೆಯ ಲೆಕ್ಕದಲ್ಲಿ ತುಂಬಿದೆ ಅಂದರೆ ಒಳಗೆ ಏನೂ ಉಳಿದಿಲ್ಲ ಅಂತ. ಅಂದರೆ ಡಿಸ್ಕ್ ಅಳಿಸಿಹೋಗಿದೆ. ಕ್ಷೌರದವರು, ಪಶುವೈದ್ಯರು, ಎಲ್ಲರದ್ದೂ ಹೋಯಿತು. ಮೇಲಿಂದ ಗಾಬರಿ ಆಗಬೇಡ ಅಂತ ಬೇರೆ. ಅತ್ತೆ ಯಾವತ್ತಾದರೂ ಸುಮ್ಮನೆ ಹಾಗಂದಿದ್ದಾರೆಯೇ?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಮಾಡಿದೆ. ನೇರ ಮುಖ್ಯಸ್ಥರ ಕೋಣೆಗೆ ಹೋಗಿ ಕೆಲಸ ಬಿಡುತ್ತಿದ್ದೇನೆ ಅಂತ ನಿಂತುಕೊಂಡೇ ಬರೆದು ಕೊಟ್ಟೆ. ಅವರು ಏನೋ ಹೇಳುವಷ್ಟರಲ್ಲಿ ಚೀಲಕ್ಕೆ ಬಟ್ಟೆ ತುರುಕಿಕೊಂಡು ಜೀಪು ಹತ್ತಿದೆ. ಹಿಂದೆ ಬರೀ ಮೂಟೆಗಳ ನಡುವೆ ಕೂತೆ. ಅಡುಗೆಯವರು ಓಡಿ ಬಂದು ಕಾಗದದಲ್ಲಿ ಸುತ್ತಿದ ತಿಂಡಿ ಕೈಗಿಟ್ಟರು, "ವಾಪಸ್ ಬರ್ತೀರಲ್ಲ?" ಅಂದರು.

ತಿರುವಿನಲ್ಲಿ ತಟ್ಟೆ ಮರೆಯಾಯಿತು. ಆಗ ಅಳು ಬಂತು. ಮದುವೆಯಾದ ಮೇಲೆ ನಾನು ಅತ್ತದ್ದನ್ನು ನೀನು ನೋಡಿಲ್ಲ. ಬುಡ ತಲುಪುವವರೆಗೂ ಅಳುತ್ತಲೇ ಇದ್ದೆ. ಡಿಸ್ಕಿಗಾಗಿ ಅಲ್ಲ ಕಣೆ. ಹೋದ ಸೈಟುಗಳನ್ನು ಮತ್ತೆ ಕಟ್ಟಬಹುದು ಅಂತ ನನಗೆ ಗೊತ್ತಿತ್ತು. ನನಗೆ ಇಳಿಯುವುದಕ್ಕೆ ಇಷ್ಟವಿರಲಿಲ್ಲ, ಅದಕ್ಕೆ ಅಳು ಬಂತು.

ಆಮೇಲೆ ಫೋನು. ನಿನ್ನ ಮೊದಲ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಎಲ್ಲಾ ಹೋಯ್ತಾ?" ಅಂತ ನಾನು.

"ಏನು ಹೋಯ್ತು?" ಅಂತ ನೀನು.

"ಡಿಸ್ಕು. ತುಂಬಿದೆ ಅಂತಲ್ಲ."

"ಹೂಂ ಅಕ್ಕ, ತುಂಬಿತ್ತು. ತುಂಬಿದೆ ಅಂದ್ರೆ ತುಂಬಿದೆ. ನಿಜವಾಗ್ಲೂ ತುಂಬಿತ್ತು. ಹಳೇ ಬ್ಯಾಕಪ್ ತೆಗೆದೆ, ಸರಿಹೋಯ್ತು. ನೀವೆಲ್ಲಿಂದ ಫೋನ್ ಮಾಡ್ತಿದೀರಿ?"

ಆಮೇಲೆ ನೀನು ನಕ್ಕೆ. ಹಿಂದೆ ಅತ್ತೆ ಏನೋ ಅನ್ನುತ್ತಿದ್ದರು. ಕೊನೆಗೆ ನಾನೂ ನಕ್ಕೆ, ಗುಮಾಸ್ತರೂ ನಕ್ಕರು, ಅವರಿಗೆ ಯಾಕೆ ಅಂತ ಗೊತ್ತಿರಲಿಲ್ಲ.

ಅದೇ ಜೀಪಿನಲ್ಲಿ ಮೇಲೆ ಬಂದೆ. ಮುಖ್ಯಸ್ಥರು ನನ್ನ ಕಾಗದವನ್ನು ಮಡಚಿ ಟೀ ಲೋಟದ ಕೆಳಗಿಟ್ಟಿದ್ದರು. "ಇದನ್ನ ನಾನು ಓದಿಲ್ಲ" ಅಂದರು.

ಅವರು ಮಾರ್ಚಿನಲ್ಲಿ ಕೇಳಿದ್ದು ಏನು ಅಂತ ಕೇಳಿದ್ದೆಯಲ್ಲ. ಇನ್ನೂ ಮೂರು ವರ್ಷ ಇರುತ್ತೀರಾ ಅಂತ. ಹಿಂದಿನ ಕೋಣೆಗೆ ನಾನು ಬೇಕು, ಆಗುವುದಿಲ್ಲ ಅಂದಿದ್ದೆ. ನಿನಗೆ ಹೇಳಿದರೆ ನೀನು ಇರಿ ಅನ್ನುತ್ತೀಯ, ಆಮೇಲೆ ಒಬ್ಬಳೇ ಒದ್ದಾಡುತ್ತೀಯ ಅಂತ ಹೇಳಲಿಲ್ಲ. ಜೂನ್ ಕೊನೆಯವರೆಗೆ ಯೋಚಿಸಿ ಅಂದಿದ್ದಾರೆ. ಯೋಚಿಸುವುದೇನು, ನನ್ನ ಉತ್ತರ ಅದೇ.

ದೊಡ್ಡವಳು

*

ಮೇ ೨೬

ಅಕ್ಕ,

ಈ ಪತ್ರವನ್ನು ಕೂತುಕೊಂಡು ಓದಿ.

ಮೊದಲು ಡಿಸ್ಕಿನ ಕಥೆ ಮುಗಿಸುತ್ತೇನೆ. ಪ್ಯಾನೆಲ್ ದಿನಾ ಬ್ಯಾಕಪ್ ತೆಗೆಯುತ್ತದೆ. ಹಳೆಯದನ್ನು ತೆಗೆದುಹಾಕು ಅಂತ ನಾನು ಹೇಳಬೇಕಿತ್ತು, ಹೇಳಿರಲಿಲ್ಲ. ಅದು ಒಂದರ ಮೇಲೊಂದು ಪೇರಿಸುತ್ತ ಹೋಯಿತು. ಈಜು ಮುಗಿಸಿ ಒದ್ದೆ ತಲೆಯಲ್ಲಿ ಬಂದೆ, ಅತ್ತೆ ಬಾಗಿಲಲ್ಲೇ ಹಿಡಿದರು. ಎಲ್ಲಿ ಜಾಗ ಹೋಯಿತು ಅಂತ ಹುಡುಕಿದೆ, ಹಳೆಯದನ್ನು ತೆಗೆದೆ, ಇನ್ನು ಮೇಲೆ ವಾರದ್ದು ಮಾತ್ರ ಇಟ್ಟುಕೋ ಅಂತ ಹೇಳಿದೆ. ಕ್ಷೌರದವರಿಗೆ ಆ ಮಧ್ಯಾಹ್ನದ ಮೇಲ್ ತಡವಾಗಿ ಬಂತು, ಅಷ್ಟೇ. ತಲೆ ಒರೆಸಿಕೊಂಡು ಟೀ ಕುಡಿಯುತ್ತಿದ್ದಾಗ ಹೊಳೆಯಿತು, ಇದನ್ನು ನಾನು ಯಾರನ್ನೂ ಕೇಳದೆ ಮಾಡಿದೆ ಅಂತ. ಗೋಡೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಅತ್ತೆಗೆ ನಿಮ್ಮ ಜೀಪಿನ ಕಥೆ ಓದಿ ಹೇಳಿದೆ. "ತುಂಬಿತ್ತು, ತುಂಬಿದೆ ಅಂದೆ. ನಂದೇನು ತಪ್ಪು?" ಅಂದರು. ಆದರೂ ಆಮೇಲೆ ಕನ್ನಡಕ ಏರಿಸಿಕೊಂಡು ಬಂದು ತಾವೇ ಹೇಳಿ ಆ ಸಾಲು ಬದಲಾಯಿಸಿದರು. ಈಗ ಅಲ್ಲಿ "ಡಿಸ್ಕ್ ಕಿಕ್ಕಿರಿದಿದೆ" ಅಂತ ಬರುತ್ತದೆ.

ನೀವು ಅತ್ತಿದ್ದನ್ನು ಬರೆದ ಜಾಗವನ್ನು ನಾನು ಓದಿ ಹೇಳಲಿಲ್ಲ, ಹಾರಿಸಿದೆ. ಅತ್ತೆಗೆ ಗೊತ್ತಾಗಿಬಿಟ್ಟಿತು. "ಏನೋ ಬಿಟ್ಟೆ. ಓದು" ಅಂದರು. ಓದಿದೆ. ಮೂರು ವರ್ಷದ್ದನ್ನೂ ಓದಿದೆ. ನಿಮ್ಮವರು ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ ಮಾರ್ಚಿನಲ್ಲಿ ಕೇಳಿದ್ದನ್ನೇ ಕೇಳಿದರು, "ನಿನ್ ಕೈಲಿ ಆಗತ್ತೇನೇ?" ಆಗುತ್ತೆ ಅಂದೆ. ಬಹುದು ಅನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಿಂದಿನ ಕೋಣೆಗೆ ಹೋಗಿ ಒಂದು ಕೆಲಸ ಮಾಡಿದೆ. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ. ನೀವು ಎಲ್ಲಿಂದ ಬೇಕಾದರೂ ಈ ಪೆಟ್ಟಿಗೆಗಳ ಒಳಗೆ ಬರುವುದಕ್ಕೆ ಒಂದು ಗುಟ್ಟಿನ ಕೀಲಿ ಇತ್ತಲ್ಲ, ಅದನ್ನು ತೆಗೆದುಹಾಕಿದೆ. ನಿಮ್ಮ ಕಪ್ಪು ಪರದೆಯಲ್ಲಾದರೆ ಅದು ಹೇಗೆ ಅಂತ ನನಗೆ ಗೊತ್ತೂ ಇರಲಿಲ್ಲ, ಪ್ಯಾನೆಲ್‌ನಲ್ಲಿ ಒಂದೇ ಗುಂಡಿ. "ಖಂಡಿತವೇ?" ಅಂತ ಕೇಳಿತು. ಗೋಡೆಯ ಮೇಲಿನ ನಿಮ್ಮ ಚೀಟಿಗಳ ಕಡೆ ತಿರುಗಿ ನೋಡಿದೆ ಅಕ್ಕ. ಈ ಕಂಪನಿಗೆ ಹೆಸರಿಟ್ಟವರು ನೀವು, ನನಗೆ ಮೌಸ್ ಹಿಡಿಯುವುದನ್ನು ಕಲಿಸಿದವರು ನೀವು. ಒತ್ತಿದೆ.

ಈಗ ಈ ಸರ್ವರ್‌ಗಳಿಗೆ ಯಜಮಾನಿ ನಾನು. ಇನ್ನು ಮೇಲೆ ಡಿಸ್ಕ್ ಅಳಿಸಿಹೋದರೂ, ಪೆಟ್ಟಿಗೆಗೆ ಬೆಂಕಿ ಬಿದ್ದರೂ, ನೀವು ಇಳಿದು ಬಂದು ಮಾಡುವಂಥದ್ದು ಇಲ್ಲೇನೂ ಇಲ್ಲ. ನಿಮ್ಮ ನೆಪ ತೆಗೆದುಹಾಕಿದ್ದೇನೆ. ಉಳಿದದ್ದು ನಿಮ್ಮ ಆಸೆ ಒಂದೇ, ಅದನ್ನು ನೋಡಿ ನಿರ್ಧಾರ ಮಾಡಿ.

ಕೋಪ ಬಂದರೆ ಬೈದು ಬರೆಯಿರಿ, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ವಿಷಯ. ನಿಮ್ಮ ಬೆಟ್ಟದ ಗ್ರಂಥಾಲಯದಲ್ಲಿ ಹಳೇ ನಕ್ಷತ್ರಪಟಗಳು ಹರಿದು ಉದುರುತ್ತಿವೆ ಅಂತ ಮೊದಲ ವಾರದಲ್ಲೇ ನಿಮ್ಮವರಿಗೆ ಬರೆದಿದ್ದಿರಂತೆ. ಅಂಗಡಿಯನ್ನು ತಮ್ಮ ನೋಡಿಕೊಳ್ಳಲಿ ಅಂತ ಹೇಳಿ ಅವರು ಅಂಟು, ದಾರ, ಸೂಜಿಗಳನ್ನು ಮರದ ಪೆಟ್ಟಿಗೆಗೆ ಜೋಡಿಸುತ್ತಿದ್ದಾರೆ. ಗುನುಗುತ್ತಿದ್ದಾರೆ ಬೇರೆ. ಅವರು ಗುನುಗುವುದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನಿಮ್ಮ ಚಿಕ್ಕವಳು

*

ಜೂನ್ ೧೪

ಪ್ರೀತಿಯ ತಂಗಿಗೆ,

ಪತ್ರ ಓದಿದ ಮೇಲೆ ನನಗೆ ಕೋಪ ಬಂತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ಇವಳು ಯಾರು ನನ್ನನ್ನು ಹೊರಗೆ ಹಾಕುವುದಕ್ಕೆ ಅಂತ ಕಂಪ್ಯೂಟರುಗಳ ಕೋಣೆಯಲ್ಲಿ ಆ ಕಡೆ ಈ ಕಡೆ ನಡೆದೆ. ನೀನು ಸರಿಯಾಗಿ ತೆಗೆದಿರುವುದಿಲ್ಲ, ಗಡಿಬಿಡಿಯಲ್ಲಿ ಏನೋ ಬಿಟ್ಟಿರುತ್ತೀಯ ಅಂತ ಅನ್ನಿಸಿತು. ಇಲ್ಲಿಯ ತಂತಿಯನ್ನು ಮನೆಗೆಲಸಕ್ಕೆ ಬಳಸುವಂತಿಲ್ಲ. ಮುಖ್ಯಸ್ಥರ ಹತ್ತಿರ ಹೋಗಿ, ಒಂದೇ ಒಂದು ಸಲ, ಒಂದು ನಿಮಿಷ ಅಂತ ಅಪ್ಪಣೆ ಕೇಳಿದೆ. ಅವರು ಕೊಟ್ಟರು, ಪಕ್ಕದಲ್ಲೇ ನಿಂತರು.

ಕಪ್ಪು ಪರದೆ ತೆರೆದೆ. ಮನೆಯ ಪೆಟ್ಟಿಗೆಯ ವಿಳಾಸ ಹೊಡೆದೆ, ಬೆರಳುಗಳಿಗೆ ತಾವಾಗಿಯೇ ಬರುತ್ತದೆ. ಕೀಲಿ ಹಾಕಿದೆ. ಪ್ರವೇಶವಿಲ್ಲ ಅಂತ ಬಂತು. ಹಿಂಬಾಗಿಲು ಒಂದಿತ್ತು, ನಿನಗೆ ಗೊತ್ತಿಲ್ಲ ಅಂತ ತಿಳಿದಿದ್ದೆ. ಅಲ್ಲೂ ತಟ್ಟಿದೆ. ಅದನ್ನೂ ಮುಚ್ಚಿದ್ದೀಯ. ಎಷ್ಟು ಚೊಕ್ಕವಾಗಿ ಮುಚ್ಚಿದ್ದೀಯ ಅಂದರೆ ನಾನು ಮಾಡಿದ್ದರೂ ಹಾಗೆಯೇ ಮಾಡುತ್ತಿದ್ದೆ.

"ಏನಾಯ್ತು?" ಅಂತ ಮುಖ್ಯಸ್ಥರು ಕೇಳಿದರು.

"ನನ್ನ ತಂಗಿ ಕೆಲಸ ಕಲಿತಿದ್ದಾಳೆ" ಅಂದೆ. ನಗು ಬರುತ್ತಿತ್ತು. ಅವರಿಗೆ ಅರ್ಥವಾಗಲಿಲ್ಲ. ಆ ಮೂರು ವರ್ಷದ ಕಾಗದ ಎಲ್ಲಿದೆ ಕೊಡಿ ಅಂದೆ, ಅದು ಅರ್ಥವಾಯಿತು. ಅಲ್ಲೇ ಸಹಿ ಹಾಕಿದೆ.

ನಿಮ್ಮ ಭಾವ ನಿನ್ನೆಯ ಜೀಪಿನಲ್ಲಿ ಮೂಟೆಗಳ ಮೇಲೆ ಕೂತು ಬಂದರು. ಬಂದವರು ತಟ್ಟೆಯನ್ನು ನೋಡುತ್ತ ಬಹಳ ಹೊತ್ತು ನಿಂತರು, ಆಮೇಲೆ, "ಇಷ್ಟು ದೊಡ್ಡದು ಅಂತ ನೀನು ಬರೆದೇ ಇರಲಿಲ್ಲ" ಅಂದರು. ಬರೆದಿದ್ದೆ. ಓದಿದರೆ ನೋಡಿದ ಹಾಗೆ ಆಗುತ್ತದೆಯೇ?

ಅತ್ತೆಗೆ ನಮಸ್ಕಾರ ತಿಳಿಸು. ರಜೆಗೆ ಬರುತ್ತೇವೆ, ನೆಂಟರ ಹಾಗೆ ಮುಂದಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತೇನೆ. ಹಿಂದಿನ ಕೋಣೆಯಲ್ಲಿ ಏನು ಕೆಟ್ಟಿದೆ ಅಂತ ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ನನಗೆ ಬರೆಯುವುದಕ್ಕೆ ಇನ್ನು ಮೇಲೆ ನಿನಗೆ ಕಾರಣ ಬೇಕಾಗಿಲ್ಲ.

ನಿನ್ನ,
ಬರೀ ಅಕ್ಕ